ಹಳದಿ ಹಕ್ಕಿಯ ಲೆಕ್ಕ

'ಕೂ' ನೆನಪಿದೆಯಾ? ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವಟ್ಕಾ ಬೆಂಗಳೂರಿನಲ್ಲಿ ಕಟ್ಟಿದ ಜಾಲತಾಣ. 2020ರಲ್ಲಿ ಅದು ಶುರುವಾದದ್ದೇ ಕನ್ನಡದಲ್ಲಿ, ಬೇರೆ ಭಾಷೆಗಳು ಆಮೇಲೆ ಬಂದವು. ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ ತಿಂಗಳಿಗೆ ಸುಮಾರು 1 ಕೋಟಿ ಜನ ಬಳಸುತ್ತಿದ್ದರು ಎಂದು ಸ್ಥಾಪಕರೇ ಹೇಳಿದ್ದಾರೆ. 2024ರ ಜುಲೈನಲ್ಲಿ ಮುಚ್ಚಿತು.

ಆ ಸುದ್ದಿ ಬಂದಾಗ ನಾನು ರಜೆಗೆಂದು ಬರ್ಕಾದಲ್ಲಿದ್ದೆ. ಅಪ್ಪ ಇಲ್ಲೊಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ದಿನವಿಡೀ ಹಿಂದಿ, ಮಲಯಾಳ, ಮುರುಕು ಅರಬ್ಬಿ ಮಾತಾಡಿ ಬಂದವರಿಗೆ ರಾತ್ರಿ ಊಟದ ನಂತರ ಕನ್ನಡ ಓದಲು ಸಿಗುತ್ತಿದ್ದ ಜಾಗ ಅದು. "ಒಂದು ಕೋಟಿ ಜನ ಇದ್ರಲ್ಲ ಮಾರಾಯ, ದುಡ್ಡು ಯಾಕೆ ಹುಟ್ಲಿಲ್ಲ?" ಅಂತ ಕೇಳಿದರು. ಬಿಸಿನೆಸ್ ಓದುವ ಮಗನಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕಾ!

ಉತ್ತರ ಹೊಳೆದದ್ದು ಕಡಲತೀರದ ಮೀನು ಹರಾಜಿನಲ್ಲಿ. (ನಮ್ಮ ಅಂಜಲ್ ಮೀನಿಗೆ ಇಲ್ಲಿಯವರು 'ಕನಅದ್' ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಯಾರೋ ಕನ್ನಡದವರನ್ನು ಕರೆಯುತ್ತಿದ್ದಾರೆ ಅಂದುಕೊಂಡಿದ್ದರಂತೆ ಅಪ್ಪ!) ನೋಡಲು ನಿಂತವರು ಐವತ್ತು ಜನ ಇರಬಹುದು, ಆದರೆ ಬೆಲೆ ಏರಿಸುವವರು ಕೂಗುವ ನಾಲ್ಕೈದು ವ್ಯಾಪಾರಿಗಳು. ಜಾಲತಾಣದ ಜಾಹೀರಾತೂ ಹರಾಜೇ. ಅಲ್ಲಿ ಮಾರಾಟಕ್ಕಿರುವುದು ನಮ್ಮ ಗಮನ. ಅದಕ್ಕೆ ಎಷ್ಟು ಕಂಪನಿಗಳು ಕೂಗುತ್ತವೆ ಎಂಬುದರ ಮೇಲೆ ಬೆಲೆ.

2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ಗೆ ಅಮೆರಿಕ-ಕೆನಡಾದ ಪ್ರತಿ ಬಳಕೆದಾರನಿಂದ ಸರಾಸರಿ 68 ಡಾಲರ್ ಬಂತು. ಏಷ್ಯಾ-ಪೆಸಿಫಿಕ್‌ನಲ್ಲಿ ಐದೂವರೆ ಡಾಲರ್. ಅಂದರೆ ಟೆಕ್ಸಸ್‌ನಲ್ಲಿ ಕೂತು ಇದನ್ನು ಓದುತ್ತಿರುವ ನೀವು, ಉಡುಪಿಯಲ್ಲಿರುವ ನಿಮ್ಮ ಅಮ್ಮನಿಗಿಂತ ಹೆಚ್ಚುಕಡಿಮೆ ಹನ್ನೆರಡು ಪಟ್ಟು ದುಬಾರಿ. ಭಾಷೆ ಅದೇ, ಹಾಕುವ ಹಬ್ಬದ ಫೋಟೋವೂ ಅದೇ. ಫೇಸ್‌ಬುಕ್‌ಗೆ ಇದು ಚಿಂತೆಯಲ್ಲ. ಶ್ರೀಮಂತ ದೇಶಗಳ ದುಡ್ಡಿನಿಂದ ಕಟ್ಟಿದ ಯಂತ್ರಕ್ಕೆ ಇನ್ನೊಬ್ಬ ಉಡುಪಿಯವರು ಸೇರಿದರೆ ಖರ್ಚು ಅಷ್ಟೇನೂ ಏರುವುದಿಲ್ಲ. 'ಕೂ' ಹತ್ತಿರ ಇದ್ದವರಲ್ಲಿ ಹೆಚ್ಚಿನವರು ಅಗ್ಗದ ಬಳಕೆದಾರರೇ, ಆದರೆ ಯಂತ್ರ ಮಾತ್ರ ಪೂರ್ತಿ ಬೆಲೆಯದ್ದು. 2021-22ರಲ್ಲಿ ಅದರ ನಷ್ಟ ಸುಮಾರು 197 ಕೋಟಿ ರೂಪಾಯಿ. ವ್ಯವಹಾರದ ಆದಾಯ ಕೆಲವೇ ಲಕ್ಷ.

ದುಬಾರಿ ಬಳಕೆದಾರರು ಇದ್ದರೆ ಸಾಕಾ? ಅದೂ ಇಲ್ಲ. 2013ರಲ್ಲಿ ಷೇರುಪೇಟೆಗೆ ಬಂದ ಟ್ವಿಟರ್, 2021ರವರೆಗೆ ಇಡೀ ವರ್ಷದ ಲಾಭ ಕಂಡದ್ದು 2018 ಮತ್ತು 2019ರಲ್ಲಿ ಮಾತ್ರ. ಆದ್ದರಿಂದ "ಮೊದಲು ಜನ ಸೇರಲಿ, ದುಡ್ಡು ತಾನಾಗಿ ಬರುತ್ತೆ" ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಫೇಸ್‌ಬುಕ್ ಒಂದು ಗೆದ್ದಿತೆಂದು ಅದನ್ನೇ ನಿಯಮ ಮಾಡಿಕೊಂಡಿದ್ದೇವೆ.

ಇಷ್ಟೆಲ್ಲ ಹೇಳಿದ ಮೇಲೆ ಅಪ್ಪ, "ತಿಂಗಳಿಗೆ 500 ಬೈಸಾ ಕೇಳಿದ್ರೆ ನಾನು ಕೊಡ್ತಿದ್ದೆ" ಅಂದರು. ಅಂದರೆ ಸುಮಾರು 100 ರೂಪಾಯಿ. ಚಹಾಕ್ಕೆ 100 ಬೈಸಾ ಹೆಚ್ಚು ಕೇಳಿದರೆ ಅಂಗಡಿಯನ್ನೇ ಬದಲಿಸುವ ಮನುಷ್ಯ! ಕೂತು ಲೆಕ್ಕ ಹಾಕಿದೆವು. ಕೋಟಿ ಜನರಲ್ಲಿ ನೂರಕ್ಕೊಬ್ಬರು ಅಪ್ಪನಂಥವರು ಸಿಕ್ಕರೂ 1 ಲಕ್ಷ ಜನ, ತಿಂಗಳಿಗೆ 1 ಕೋಟಿ, ವರ್ಷಕ್ಕೆ 12 ಕೋಟಿ. 197 ಕೋಟಿಯ ಹೊಂಡಕ್ಕೆ ಅದು ಯಾವ ಮೂಲೆಗೆ? ಆದರೆ ಇಪ್ಪತ್ತು ಮೂವತ್ತು ಜನ ಸೇರಿ ನಡೆಸುವ ಕನ್ನಡದ್ದೇ ಒಂದು ಜಾಲಕ್ಕೆ ಅದರ ಅರ್ಧವೂ ಸಾಕಾದೀತು. ಅಂಥದ್ದಕ್ಕೆ ದೊಡ್ಡ ಹೂಡಿಕೆದಾರರು ಬರುವುದಿಲ್ಲ, ಅವರಿಗೆ ಹತ್ತು ಪಟ್ಟು ವಾಪಸ್ ಬೇಕು ಅಂದೆ.

"ಅವರು ಬರದಿದ್ರೆ ಬೇಡ. ಕಮ್ಮಿಯಲ್ಲೇ ಮಾಡ್ಲಿಕ್ಕೆ ಆಗುದಿಲ್ವಾ?" ಅಂದರು ಅಪ್ಪ.