ಊರು ಬಿಡುವ ಮುನ್ನ

ಹುಟ್ಟಿದ ಊರಿನಲ್ಲಿಯೇ ಬೆಳೆದು, ಅಲ್ಲಿಯೇ ದುಡಿದು, ಅಲ್ಲಿಯೇ ಮಣ್ಣಾಗುವ ಕಾಲವೊಂದು ಒಕ್ಕಲು ಮನೆತನಗಳಿಗೆ ಇದ್ದಿತು. ತರುವಾಯ ವಿದ್ಯೆ ಬಂದಿತು; ವಿದ್ಯೆಯ ಬೆನ್ನಿಗೆ ನೌಕರಿ, ನೌಕರಿಯ ಬೆನ್ನಿಗೆ ವರ್ಗಾವಣೆ ಬಂದವು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿದಾಗ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ, ಹಳ್ಳಿಯ ಮಕ್ಕಳು ನಾಲ್ಕಕ್ಷರ ಕಲಿತು ಮುಂದೆ ಬರಲಿ ಎಂಬುದೇ ಹಿರಿಯರ ಹಂಬಲವಾಗಿದ್ದಿತು. ಆ ಹಂಬಲ ಕೈಗೂಡಿತು. ಕೈಗೂಡಿದ್ದರಿಂದಲೇ ಆ ಮನೆಗಳ ಮಕ್ಕಳು ಊರನ್ನು ಬಿಡಬೇಕಾಯಿತು. ಊರು ಬಿಟ್ಟು ಏಳಿಗೆ ಹೊಂದಿದವರ ವೃತ್ತಾಂತಗಳು ಸ್ಮರಣ ಸಂಚಿಕೆಗಳಲ್ಲಿ ಮೇಲಿಂದ ಮೇಲೆ ಓದಲು ಸಿಗುತ್ತವೆ. ಊರು ಬಿಡುವ ಮುನ್ನಿನ ದಿನಗಳಲ್ಲಿ ಮನೆಯೊಳಗೆ ನಡೆದುದೇನು ಎಂಬುದು ಮಾತ್ರ ಅಲ್ಲಿ ಕಾಣಸಿಗುವುದು ವಿರಳ.

ಧಾರವಾಡದ ಒಂದು ಮನೆಯ ಸಂಗತಿಯಿದು. ಮನೆಯ ಯಜಮಾನರು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ನೌಕರರು. ಅವರ ತಾಯಿ, ಹೆಂಡತಿ, ಹತ್ತನೆಯ ಇಯತ್ತೆಗೆ ಕಾಲಿಡಲಿದ್ದ ಮಗ, ಐದನೆಯ ಇಯತ್ತೆಯ ಮಗಳು. ಹೀಗೆ ಐದು ಜನರ ಸಂಸಾರ. 1986ರ ಬಸವ ಜಯಂತಿ ಮುಗಿದ ಎರಡು ಮೂರು ದಿನಗಳಲ್ಲಿಯೇ ಅವರಿಗೆ ದೆಹಲಿಗೆ ವರ್ಗವಾದ ಆದೇಶ ಕೈಸೇರಿತು. ಜೂನ್ ತಿಂಗಳ ನಡುವಿಗೆ ಅಲ್ಲಿ ಹಾಜರಾಗಬೇಕು. ಉಳಿದದ್ದು ನಾಲ್ಕು ವಾರ.

ಧಾರವಾಡದಿಂದ ದೆಹಲಿಗೆ ರೈಲುಹಾದಿ ಸುಮಾರು 2000 ಕಿಲೋಮೀಟರು. ಆ ಕಾಲಕ್ಕೆ ಧಾರವಾಡದ ಮೇಲೆ ಹಾಯುವ ಹಾದಿ ಮೀಟರ್ ಗೇಜಿನದು. ಮಿರಜದಲ್ಲಿ ಇಳಿದು ಬ್ರಾಡ್ ಗೇಜಿನ ಗಾಡಿ ಹತ್ತಿ ಪುಣೆಯನ್ನು ಸೇರಬೇಕು. ಪುಣೆಯಲ್ಲಿ ಜಮ್ಮುವಿಗೆ ಹೋಗುವ ಝೇಲಂ ಎಕ್ಸ್‌ಪ್ರೆಸ್ಸನ್ನು ಹಿಡಿದು ದೆಹಲಿಯಲ್ಲಿ ಇಳಿಯಬೇಕು. ತೊಂಬತ್ತರ ದಶಕದಲ್ಲಿ ಆ ಹಾದಿ ಬ್ರಾಡ್ ಗೇಜಾಗಿ, ಇಂದು ಹುಬ್ಬಳ್ಳಿಯ ಕಡೆಯಿಂದ ಗಾಡಿ ಬದಲಿಸದೆಯೇ ದೆಹಲಿಯನ್ನು ಮುಟ್ಟಬಹುದಾಗಿದೆ. ಅಂದು ಮಾತ್ರ ಕಟ್ಟಿದ ಪ್ರತಿಯೊಂದು ಗಂಟನ್ನೂ ನಡುಹಾದಿಯಲ್ಲಿ ಎರಡು ಸಲ ಇಳಿಸಿ ಎರಡು ಸಲ ಏರಿಸಬೇಕಾಗಿದ್ದಿತು. ಆದ್ದರಿಂದ ಯಜಮಾನರು ಒಂದು ನಿಯಮ ಮಾಡಿದರು: ಒಬ್ಬ ಹಮಾಲನು ತಲೆಯ ಮೇಲೆ ಹೊರಲಾರದ ಸಾಮಾನು ಬರಕೂಡದು.

ಲೆಕ್ಕದ ಮನುಷ್ಯರಾದುದರಿಂದ ಅವರು ಮಗಳ ಹಳೆಯ ಪಟ್ಟಿಪುಸ್ತಕದಲ್ಲಿ ಮೂರು ಅಂಕಣ ಗೆರೆದರು. ಒಯ್ಯುವುದು, ಮಾರುವುದು, ಇಡುವುದು. ಮೊದಲ ದಿನ ಮೂರೂ ಅಂಕಣಗಳು ಸಲೀಸಾಗಿ ತುಂಬಿದವು. ಹಿತ್ತಾಳೆಯ ಹಂಡೆ ಮಾರುವುದಕ್ಕೆ, ಮರದ ಮಂಚ ಇಡುವುದಕ್ಕೆ, ಹಾಸಿಗೆಯ ಸುರುಳಿ ಒಯ್ಯುವುದಕ್ಕೆ. ಎರಡನೆಯ ದಿನ ಪುಸ್ತಕವು ಅಡಿಗೆಮನೆಯನ್ನು ಹೊಕ್ಕಿತು. ಅಲ್ಲಿಂದ ತಿದ್ದುಪಡಿಗಳು ಸುರುವಾದವು.

ದೆಹಲಿ ಗೋಧಿಯ ಸೀಮೆ. ಎರೆಭೂಮಿಯ ಬಿಳಿಜೋಳದ ರೊಟ್ಟಿಯಿಲ್ಲದೆ ಆ ಮನೆಯಲ್ಲಿ ಯಾರ ಹೊಟ್ಟೆಯೂ ತುಂಬುತ್ತಿರಲಿಲ್ಲ. ಹಿಟ್ಟನ್ನೇ ಬೀಸಿಕೊಂಡು ಒಯ್ದರಾಯಿತೆಂದು ಯಜಮಾನರು ಅಂದರು. ಹಳೆಯ ಹಿಟ್ಟು ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತದೆ ಎಂದು ಹೆಂಡತಿ ತಿಳಿಹೇಳಿದರು. ಹಾಗಾದರೆ ಕಾಳನ್ನೇ ಒಯ್ಯಬೇಕು. ಕಾಳನ್ನು ಒಯ್ದರೆ, ಗೋಧಿ ಬೀಸುವ ಅಲ್ಲಿಯ ಗಿರಣಿಯವನು ಐದು ಸೇರು ಜೋಳಕ್ಕಾಗಿ ಕಲ್ಲು ತೊಳೆದಾನೆಯೇ? ಹಾಗಾದರೆ ಬೀಸುಕಲ್ಲು ಬೇಕು. ಬೀಸುಕಲ್ಲು ಹಮಾಲನ ತಲೆಯ ನಿಯಮವನ್ನು ಮೀರುತ್ತಿದ್ದಿತು. ಮೂರು ರಾತ್ರಿ ಅದು ಒಂದು ಅಂಕಣದಿಂದ ಇನ್ನೊಂದಕ್ಕೆ ಓಡಾಡಿ, ಕಡೆಗೆ ಮೇಲುಕಲ್ಲು ಒಂದು ಗೋಣಿಯಲ್ಲಿ, ಕೆಳಕಲ್ಲು ಇನ್ನೊಂದರಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಹಾದಿಯ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾದ ಹೋಳಿಗೆ, ಗುರೆಳ್ಳು ಅಗಸಿಗಳ ಪುಡಿ ಸಿದ್ಧವಾದವು. ವರುಷಕ್ಕಾಗುವಷ್ಟು ವಿಭೂತಿಗಟ್ಟಿಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ತುಂಬಿದರು.

ಹೊರಗಿನ ಓಡಾಟವೂ ಕಡಿಮೆಯದಾಗಿರಲಿಲ್ಲ. ರೇಶನ್ ಕಾರ್ಡನ್ನು ಹಿಂದಿರುಗಿಸಿ ದಾಖಲೆ ಪಡೆಯುವುದು, ಗ್ಯಾಸಿನ ಸಿಲಿಂಡರು ರೆಗ್ಯುಲೇಟರುಗಳನ್ನು ಒಪ್ಪಿಸಿ ಚೀಟಿ ತರುವುದು, ಮಗಳ ಶಾಲೆಯಿಂದ ದಾಖಲೆ ಬಿಡಿಸಿಕೊಳ್ಳುವುದು. ಎಲ್ಲ ಕಡೆಗೂ ಒಂದೇ ಕ್ರಮ. ಕೈಯಲ್ಲಿದ್ದುದನ್ನು ಒಪ್ಪಿಸಿದರೆ, ಒಪ್ಪಿಸಿದ್ದಕ್ಕೆ ಸಾಕ್ಷಿಯಾಗಿ ಒಂದು ಕಾಗದ. ಆ ಕಾಗದವನ್ನು ಹೊಸ ಊರಿನಲ್ಲಿ ತೋರಿಸಿದರೆ ಬಿಟ್ಟುಬಂದುದು ಮರಳಿ ದೊರೆಯುವುದು. ಆದರೆ ಮನೆಯೊಳಗಿನ ಎಷ್ಟೋ ಒಪ್ಪಿಗೆಗಳಿಗೆ ಇಂಥ ಚೀಟಿ ಇರಲಿಲ್ಲ. ಕರುವಿನ ಸಹಿತ ಆಕಳನ್ನು ಬದಿಯ ಮನೆಯವರ ಗೋದಲಿಗೆ ಕಟ್ಟಿದರು. ಹಿತ್ತಿಲಿನ ಬಿಲ್ವದ ಗಿಡವನ್ನು ಬಾಡಿಗೆಗೆ ಬರುವವರಿಗೆ ತೋರಿಸಿ, ಸೋಮವಾರ ಪತ್ರಿಗಾಗಿ ಓಣಿಯ ಜನ ಬಂದರೆ ಬಾಗಿಲು ತೆರೆಯಬೇಕೆಂದು ಹೇಳಿದರು. ಅವರು ಆಗಲೆಂದರು. ಆ ಮಾತೇ ಚೀಟಿ.

ಇನ್ನು ಮಗನ ವಿಷಯ. ಅವನು ಮೊದಲಿನಿಂದ ಕನ್ನಡ ಮಾಧ್ಯಮದಲ್ಲಿ ಕಲಿತವನು. ದೆಹಲಿಯಲ್ಲಿ ಕನ್ನಡಿಗರೇ ಕಟ್ಟಿದ ಶಾಲೆಯೊಂದು ಇರುವುದನ್ನು ಯಜಮಾನರು ಬಲ್ಲವರಾಗಿದ್ದರು. ಮಗಳನ್ನು ಅಲ್ಲಿಗೆ ಸೇರಿಸುವ ವಿಚಾರವೂ ಇದ್ದಿತು. ಆದರೆ ಅಲ್ಲಿಯ ಕೇಂದ್ರ ಮಂಡಳಿಯಲ್ಲಿ ಒಂಬತ್ತು ಮತ್ತು ಹತ್ತನೆಯ ಇಯತ್ತೆಗಳು ಕೂಡಿ ಒಂದೇ ಪಾಠಕ್ರಮ. ನಡುವೆ ಹೊಕ್ಕ ಹುಡುಗನು ಮಂಡಳಿಯ ಪರೀಕ್ಷೆಯನ್ನು ದಾಟುವುದು ಕಠಿಣ. ಆದುದರಿಂದ ಎಸ್.ಎಸ್.ಎಲ್.ಸಿ. ಮುಗಿಯುವವರೆಗೆ ಅವನನ್ನು ಶ್ರೀಮಠದ ಪ್ರಸಾದ ನಿಲಯದಲ್ಲಿ ಇರಿಸುವುದೆಂದು ಗಂಡಹೆಂಡಿರು ಒಂದು ರಾತ್ರಿ ನಿಶ್ಚಯಿಸಿದರು. ನಿಶ್ಚಯವು ವಿವೇಕದ್ದೇ ಆಗಿದ್ದಿತು. ಹುಡುಗನನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುದಿನ ಸುತಲಿಯ ಉಂಡೆಯನ್ನು ಹುಡುಕುತ್ತಿದ್ದ ಅವನ ಕೈಗೆ ಆ ಪಟ್ಟಿಪುಸ್ತಕ ಸಿಕ್ಕಿತು. ಮೂರನೆಯ ಅಂಕಣದಲ್ಲಿ, ಮರದ ಮಂಚದ ಕೆಳಗೆ, ಧಾನ್ಯದ ಕಣಜದ ಮೇಲೆ, ತಂದೆಯ ದುಂಡನೆಯ ಅಕ್ಷರದಲ್ಲಿ ಬರೆದಿದ್ದಿತು: ಮಗನ ಟ್ರಂಕು. ಅವನು ಪುಸ್ತಕವನ್ನು ಇದ್ದಲ್ಲಿಯೇ ಇಟ್ಟನು. ಅಂದಿನಿಂದ ಗೋಣಿ ಹೊಲಿಯಲಿಕ್ಕೆ, ಪಾತ್ರೆಗಳಿಗೆ ಹುಲ್ಲು ಸುತ್ತಲಿಕ್ಕೆ ಅವನು ಬರಲಿಲ್ಲ. ಕರೆದರೆ ಓದುವುದಿದೆ ಎನ್ನುತ್ತಿದ್ದನು. ಮುಂದಿಟ್ಟ ಪುಸ್ತಕದ ಪುಟ ತಿರುವುತ್ತಿರಲಿಲ್ಲ.

ಇದನ್ನು ಕಂಡವರು ಅಜ್ಜಿಯೊಬ್ಬರೇ. ಅವರು ಆ ನಾಲ್ಕು ವಾರವೂ ಪಡಸಾಲೆಯಲ್ಲಿ ಕುಳಿತು ಕೌದಿ ಹೊಲಿಯುತ್ತಿದ್ದರು. ದೆಹಲಿಯ ಚಳಿಗಾಲದ ಮಾತನ್ನು ಕೇಳಿ ಹಳೆಯ ಇಲಕಲ್ಲ ಸೀರೆಗಳನ್ನೆಲ್ಲ ಹೊರಗೆ ತೆಗೆದಿದ್ದರು. ಅವರ ಮನಸ್ಸಿನಲ್ಲಿಯೂ ಒಂದು ಮಾತು ಕುಳಿತಿದ್ದಿತು. ಒಂದು ಸಂಜೆ ಮಗನು ಪಟ್ಟಿಯನ್ನು ಓದಿ ಹೇಳುವಾಗ ಅವರು ಸೂಜಿಯನ್ನು ನಿಲ್ಲಿಸಿದರು.

“ಎಲ್ಲಾ ಬರಕೊಂಡಿ. ಒಂದು ಬರಕೊಂಡಿಲ್ಲ. ಅಲ್ಲೆ ನನಗ ಮಣ್ಣು ಸಿಗತೈತೇನಪಾ?”

ಯಜಮಾನರು ಉತ್ತರಿಸಲಿಲ್ಲ. ಧಾರವಾಡದ ಮೂಡಲಿಗೆ ಎಂಟು ಮೈಲಿನ ಮೇಲಿರುವ ಹಳ್ಳಿಯಲ್ಲಿ ಅವರ ಹೊಲವಿದ್ದಿತು. ಅದರ ಮೂಲೆಯಲ್ಲಿ ತಂದೆಯ ಗದ್ದುಗೆ. ಅದರ ಮಗ್ಗುಲಲ್ಲಿ ರಂಟೆ ಹೊಡೆಯದೆ ಬಿಟ್ಟ ಮೂರು ಮೊಳ ಜಾಗ ಯಾರದೆಂಬುದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ, ಯಾರೂ ಅರಿಯದೆಯೂ ಇರಲಿಲ್ಲ. ಲಿಂಗವನ್ನು ಕರದಲ್ಲಿ ಹಿಡಿದು ಭೂಮಿಯ ಒಡಲಲ್ಲಿ ಕೂಡುವುದು ಆ ಮನೆತನ ನಡೆಸಿಕೊಂಡು ಬಂದ ಕ್ರಮ. ಸುಡುಗಾಡಿನ ಬೆಂಕಿಯೇ ವಾಡಿಕೆಯಾದ ಪರನಾಡಿನಲ್ಲಿ ಎಪ್ಪತ್ತು ದಾಟಿದ ತಾಯಿಗೆ ಏನೆಂದು ಮಾತು ಕೊಡುವುದು? ಎಷ್ಟೇ ದೂರವಾದರೂ ಕರೆತರುವೆನೆಂದು ಹೇಳಬಹುದಾಗಿದ್ದಿತು. ಅದು ಮೂರು ಗಾಡಿಗಳ, ಎರಡು ರಾತ್ರಿಗಳ ಹಾದಿ. ಲೆಕ್ಕ ಬಲ್ಲ ಮಗನು ಸುಳ್ಳಾಡಲಿಲ್ಲ. ತಾಯಿಯೂ ಮತ್ತೆ ಕೇಳಲಿಲ್ಲ.

ಎರಡು ದಿನದ ಮೇಲೆ ಅಜ್ಜಿ ನಸುಕಿನಲ್ಲಿಯೇ ಎದ್ದು ಲಿಂಗಪೂಜೆ ಮುಗಿಸಿ, ಮೊಮ್ಮಗನನ್ನು ಕರೆದುಕೊಂಡು ಮೊದಲನೆಯ ಬಸ್ಸಿಗೆ ಹಳ್ಳಿಗೆ ಹೋದರು. ಗದ್ದುಗೆಯ ಸುತ್ತಲಿನ ಕಸ ಕಿತ್ತು, ನೀರು ಹಾಕಿ, ವಿಭೂತಿ ಧರಿಸಿ, ಪತ್ರಿ ಏರಿಸಿದರು. ಆಮೇಲೆ ಹುಡುಗನ ಕಡೆಗೆ ತಿರುಗಿದರು.

“ಅಮಾವಾಸಿಗೊಮ್ಮೆ ಬರಬೇಕು. ಕಸ ಕೀಳಬೇಕು. ಅಜ್ಜಗ ಪತ್ರಿ ಏರಸಬೇಕು. ಈ ಮಗ್ಗಲ ಜಾಗಾದಾಗ ಪಾಲಿನವರು ರಂಟಿ ಹೊಡೀದಂಗ ನೋಡಬೇಕು. ನಾವೆಲ್ಲಾ ಹೋಗತೇವಿ. ನೀನೊಬ್ಬನ ಇಲ್ಲೆ ಇರಾಂವ. ಯಾರ ಕೈಯಾಗ ಕೊಡಲಿ?”

ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಮತ್ತ ನಿನಗ ಅಲ್ಲೇ ಏನಾರ ಆದರ?” ಎಂದನು.

“ಜಾಗಾ ನಿನ್ನ ಕೈಯಾಗ ಐತಿ. ಬಂದರ ಇಲ್ಲೆ ಬರತೇನಿ. ಬರದಿದ್ದರ ಲಿಂಗ ನನ್ನ ಕೈಯಾಗ ಐತಿ. ನೀ ಜಾಗಾ ಬಿಡಬ್ಯಾಡ, ನಾ ಲಿಂಗ ಬಿಡೂದಿಲ್ಲ.”

ಆ ಸಂಜೆ ಹುಡುಗನು ಪಟ್ಟಿಪುಸ್ತಕವನ್ನು ಕೇಳಿ ತೆಗೆದುಕೊಂಡನು. ಮೂರನೆಯ ಅಂಕಣದಲ್ಲಿ ತನ್ನ ಟ್ರಂಕಿನ ಕೆಳಗೆ ಒಂದೊಂದಾಗಿ ಬರೆಯತೊಡಗಿದನು: ಗದ್ದುಗೆ, ಅಮಾವಾಸ್ಯೆಗೊಮ್ಮೆ. ಪತ್ರಿಯ ಗಿಡ, ಬೇಸಿಗೆಯಲ್ಲಿ ನೀರು. ಆಕಳು ಕರು, ಹೋಗಿ ನೋಡಿ ಬರುವುದು. ಬಾಡಿಗೆಯ ಪಾವತಿ. ಯಜಮಾನರು ಅದನ್ನು ಓದಿದರು. ಮಗನ ಟ್ರಂಕು ಎಂಬ ಸಾಲನ್ನು ಹೊಡೆದುಹಾಕಲು ಲೇಖನಿ ಎತ್ತಿದವರು, ಹಾಗೆಯೇ ಕೆಳಗಿಟ್ಟರು. ಪುಸ್ತಕವು ಮಗನ ಬಳಿಯಲ್ಲಿಯೇ ಉಳಿಯಿತು.

ಶಾಲೆ ತೆರೆದ ದಿನ ಎರಡು ಚೀಲ ಜೋಳದೊಂದಿಗೆ ಹುಡುಗನನ್ನು ಪ್ರಸಾದ ನಿಲಯಕ್ಕೆ ಕರೆದೊಯ್ದರು. ಜೋಳ ದಾಸೋಹದ ಕಣಜಕ್ಕೆ; ಅದು ಹುಡುಗನ ಊಟದ ಬೆಲೆಯೆಂದು ಕೊಟ್ಟವರೂ ಭಾವಿಸಲಿಲ್ಲ, ಪಡೆದವರೂ ಭಾವಿಸಲಿಲ್ಲ. ನಿಲಯವನ್ನು ನೋಡಿಕೊಳ್ಳುವ ಗುರುಗಳು ಹೆಸರು ಬರೆದುಕೊಂಡು, ಮಲಗುವ ಸ್ಥಳ ತೋರಿಸಿ, ನಾಳೆ ಐದು ಗಂಟೆಗೆ ಸಾಮೂಹಿಕ ಪ್ರಾರ್ಥನೆಯೆಂದು ಹೇಳಿದರು. ತಾಯಿ ಟ್ರಂಕಿನ ತಳದಲ್ಲಿ ಇಪ್ಪತ್ತನಾಲ್ಕು ಇನ್‌ಲ್ಯಾಂಡ್ ಪತ್ರಗಳನ್ನು ಇರಿಸಿದ್ದರು. ಹದಿನೈದು ದಿನಕ್ಕೊಂದರಂತೆ ವರುಷಕ್ಕೆ ಸಾಲುವ ಲೆಕ್ಕ. ಎಲ್ಲದರ ಮೇಲೂ ದೆಹಲಿಯ ಕಚೇರಿಯ ವಿಳಾಸವನ್ನು ಬರೆದು ಮುಗಿಸಿದ್ದರು. ಅದರ ಮೇಲೆ ಅಜ್ಜಿಯ ಕೌದಿ. ದೆಹಲಿಗೆಂದು ಹೊಲಿದದ್ದು ಒಂದೇ ಅಲ್ಲ, ಎರಡು ಎಂಬುದು ಆಗ ತಿಳಿಯಿತು.

ಮಠಗಳ ಪ್ರಸಾದ ನಿಲಯಗಳನ್ನು ಬಡ ಮಕ್ಕಳ ಅನ್ನದ ತಾಣಗಳೆಂದು ಕೊಂಡಾಡುವುದು ರೂಢಿ. ಅದು ನಿಜವೂ ಹೌದು. ಅಲ್ಲಿಯ ಗೋಡೆಗೆ ಸಾಲಾಗಿ ಇಟ್ಟ ಟ್ರಂಕುಗಳಲ್ಲಿ ಇನ್ನೊಂದು ಕಥೆಯೂ ಅಡಗಿದೆ. ಮನೆಯು ತನ್ನ ಅತಿ ಬೆಲೆಯುಳ್ಳದ್ದನ್ನು ಹೊತ್ತೊಯ್ಯಲಾರದೆ ಇಳಿಸಿದಾಗ, ಅದನ್ನು ನೆಲದ ಮೇಲೆ ಬಿಡದೆ ಕೈಯೊಡ್ಡಿ ಪಡೆಯುವವರು ಒಬ್ಬರು ಬೇಕು. ದಾಸೋಹಕ್ಕೆ ಒಂದು ಸೇರು ಜೋಳ ಕೊಟ್ಟವನೂ, ರಾತ್ರಿ ಕಂದೀಲು ಹಿಡಿದು ಮಲಗಿದ ಮಕ್ಕಳನ್ನು ಎಣಿಸಿ ಬಂದ ಗುರುವೂ ಹಾಗೆ ಕೈಯೊಡ್ಡಿದವರೇ.

ಹೊರಡುವ ಹಿಂದಿನ ದಿನ ಅಜ್ಜಿ ಐವರಿಗೂ ಹೊಸ ಶಿವದಾರ ಹೊಸೆದರು. ಒಂದನ್ನು ಪ್ರಸಾದ ನಿಲಯಕ್ಕೆ ಕಳುಹಿಸದೆ ತಮ್ಮ ಸೆರಗಿನಲ್ಲಿ ಕಟ್ಟಿಕೊಂಡು ನಿಲ್ದಾಣಕ್ಕೆ ತಂದರು. ಅಪ್ಪಣೆ ಪಡೆದು ಬಂದಿದ್ದ ಹುಡುಗನು ಗಂಟುಗಳನ್ನು ಎಣಿಸಿ ಡಬ್ಬಿಗೆ ಏರಿಸಿದನು. ಬೀಸುಕಲ್ಲಿನ ಗೋಣಿಯನ್ನು ಹಮಾಲನೊಂದಿಗೆ ತಾನೂ ಒಂದು ಕೈ ಹಿಡಿದನು. ಮೃಗಶಿರ ಮಳೆಯ ಹನಿ ಬೀಳುತ್ತಿದ್ದಿತು. ಅಜ್ಜಿ ಕಿಡಕಿಯೊಳಗಿಂದ ಕೈಚಾಚಿ ಶಿವದಾರವನ್ನು ಕೊಟ್ಟರು. ತಾಯಿ ಅದೇ ಕಿಡಕಿಯ ಸರಳು ಹಿಡಿದು, ಎಣ್ಣೆಸ್ನಾನ ತಪ್ಪಿಸಬೇಡವೆಂಬ ಮಾತನ್ನು ಮೂರು ಸಲ ಹೇಳಿದರು. ಗಾಡಿ ಮಿರಜದ ಕಡೆಗೆ ಹೊರಟಿತು.

ಮಣ್ಣೆತ್ತಿನ ಅಮಾವಾಸ್ಯೆಯ ಮರುವಾರ ದೆಹಲಿಯ ಕಚೇರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬಂದಿತು. ಯಜಮಾನರು ಅದನ್ನು ಒಡೆಯದೆ ಮನೆಗೆ ತಂದು, ತಾಯಿಯ ಮುಂದೆ ಕುಳಿತು ಓದಿದರು. ಗಣಿತದ ಹೊಸ ಗುರುಗಳು ಚೆನ್ನಾಗಿ ಕಲಿಸುತ್ತಾರೆ. ಮಳೆ ಆಗಿದೆ, ಬಿತ್ತಿಗೆ ನಡೆದಿದೆ. ಕರು ಗುರುತು ಹಿಡಿಯುತ್ತದೆ. ಅಮಾವಾಸ್ಯೆಗೆ ಗದ್ದುಗೆಯ ಕಸ ಕಿತ್ತು ಪತ್ರಿ ಏರಿಸಿದೆ. ಪಾಲಿನವರು ಮಗ್ಗುಲಿನ ಜಾಗಕ್ಕೆ ಕೂರಿಗೆ ತಂದಿದ್ದರು, ನಿಲ್ಲಿಸಿದೆ.

ಅಜ್ಜಿ ಕಡೆಯ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದರು. ಅನಂತರ ಎದ್ದು, ಮಳಿಗೆಯ ಮೂಲೆಯಲ್ಲಿ ಕೂಡಿಸಿಟ್ಟಿದ್ದ ಬೀಸುಕಲ್ಲಿನ ಮುಂದೆ ಕುಳಿತು, ಸಂಜೆಯ ರೊಟ್ಟಿಗೆ ಜೋಳ ಹಾಕಿದರು.