ಹಳ್ಳಕ್ಕೆ ಬಂದ ಹಣ

ಕಳೆದ ವಾರ ಊರಿನಿಂದ ಅಣ್ಣನ ಮಗ ದೂರವಾಣಿ ಮಾಡಿದ್ದ. "ಚಿಕ್ಕಪ್ಪಾ, ನಮ್ಮ ಹಳ್ಳದ ಕೆಲಸಕ್ಕೆ ಜಲಾನಯನದವರ ಹಣ ಬರುತ್ತಂತೆ. ದಂಡೆ ಅಳೀಬೇಕು ಅಂತ ಬಂದಿದ್ರು. ಅಪ್ಪ ಒಪ್ತಿಲ್ಲ. ನೀವೇನಂತೀರಿ?" ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದವನು ನಾನು. ಈ ಪ್ರಶ್ನೆಗೆ ಮಾತ್ರ ಒಡನೆ ಉತ್ತರ ಹೇಳಲಾಗಲಿಲ್ಲ. "ನಾಳೆ ಹೇಳುತ್ತೇನಪ್ಪ" ಎಂದು ಇಟ್ಟುಬಿಟ್ಟೆ.

ನಮ್ಮ ಹೊಲವಿರುವುದು ನ್ಯಾಮತಿ ಸೀಮೆಯಲ್ಲಿ. ನನ್ನ ಬಾಲ್ಯದಲ್ಲಿ ನ್ಯಾಮತಿ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ತಾನೇ ತಾಲ್ಲೂಕಾದದ್ದು ಈಚೆಗೆ. ಹೊಲದ ಕೆಳಗಿನ ಹಳ್ಳ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಆಗ ಅದರ ಎರಡೂ ಬದಿಗೆ ಕೇದಗೆ, ಹೊಂಗೆ, ಲಕ್ಕಿ ಗಿಡಗಳು ಒತ್ತಾಗಿ ಬೆಳೆದಿದ್ದವು. ಹಾವಿನ ಭಯದಿಂದ ತಾಯಿ ನಮ್ಮನ್ನು ಅತ್ತ ಬಿಡುತ್ತಿರಲಿಲ್ಲ. ನಾವು ಹೋಗದೆ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಹಳ್ಳ ಕೆಂಪಾದರೂ ಎರಡು ದಿನಗಳಲ್ಲಿ ತಿಳಿಯಾಗುತ್ತಿತ್ತು.

ಆ ಹಳ್ಳಕ್ಕೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಜಗಳೂರಿನ ಒಂದು ಸಂಗತಿ.

ನಾನು ಜಗಳೂರು ತಾಲ್ಲೂಕಿನಲ್ಲಿ ಅಧ್ಯಾಪಕನಾಗಿದ್ದಾಗಲೇ, 1997ರ ಆಗಸ್ಟ್ 15ರಂದು, ದಾವಣಗೆರೆ ಜಿಲ್ಲೆ ಉದಯಿಸಿತು. ಚಿತ್ರದುರ್ಗದಿಂದ ಜಗಳೂರೂ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಬಂದು ಸೇರಿದವು. ವರ್ಗಾವಣೆಯ ಅರ್ಜಿ ಹಾಕದೆಯೇ ನಾನು ಸ್ವಂತ ಜಿಲ್ಲೆಗೆ ಬಂದಂತಾಯಿತು! ಜಗಳೂರಿನ ಬರವನ್ನು ನನ್ನ ಶಿಷ್ಯರಿಗೆ ವರ್ಣಿಸಬೇಕಾಗಿಲ್ಲ. ಅಲ್ಲಿನ ಹಳ್ಳಗಳು ವರ್ಷದ ಬಹುಪಾಲು ಮರಳಿನ ದಾರಿಗಳು. ಆಗ ಕೇಂದ್ರ ಸರ್ಕಾರದ ಹೊಸ ಜಲಾನಯನ ಮಾರ್ಗಸೂಚಿ ಜಾರಿಗೆ ಬಂದಿತ್ತು. 1995ರಿಂದ ಹೆಕ್ಟೇರಿಗೆ 4,000 ರೂಪಾಯಿ. ಸುಮಾರು 500 ಹೆಕ್ಟೇರಿಗೆ ಒಂದು ಜಲಾನಯನ. ಇದನ್ನೇ ಒಂಬತ್ತನೆಯ ತರಗತಿಗೆ ಲೆಕ್ಕವಾಗಿ ಕೊಟ್ಟೆ. 20 ಲಕ್ಷವೆಂದು ಮೊದಲು ಬಿಡಿಸಿದ ಹುಡುಗ ಕೂರದೆ ನಿಂತೇ ಕೇಳಿದ: "ಸಾರ್, ಕೆಲಸ ಮುಗಿದ್ಮೇಲೆ ಹೂಳು ತೆಗೆಯೋಕೆ ಎಷ್ಟಿಟ್ಟಿದಾರೆ?"

ಅದಕ್ಕೂ ಮಾರ್ಗಸೂಚಿಯಲ್ಲಿ ಉತ್ತರವಿತ್ತು. ಸ್ವಂತ ಜಮೀನಿನಲ್ಲಾಗುವ ಕೆಲಸಕ್ಕೆ ರೈತ ನೂರಕ್ಕೆ ಹತ್ತರಷ್ಟು ವಂತಿಗೆ ಕೊಡಬೇಕು. ಆ ನಿಧಿಯಿಂದ ಮುಂದಿನ ದುರಸ್ತಿ ನಡೆಯಬೇಕು. ಕೆಲವು ವರ್ಷಗಳ ಮೇಲೆ ಆ ಕಡೆಯ ಒಂದು ಹಳ್ಳಿಗೆ ಮದುವೆಗೆಂದು ಹೋದಾಗ ನೋಡಿದೆ: ಚೆಕ್ ಡ್ಯಾಮಿನ ಕಂಠದವರೆಗೂ ಹೂಳು, ಅದರ ಮೇಲೆ ಜಾಲಿ. ನಿಧಿಯ ಪಾಸ್‌ಬುಕ್ ಯಾರ ಬಳಿ ಇದೆಯೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಮನೆಯನ್ನು ತೋರಿಸಿದರು. ದಿಬ್ಬದಿಂದ ಇಳಿಜಾರಿಗೆ ಕೆಲಸ ಸಾಗಬೇಕು, ಮೊದಲು ಮೇಲಿನ ಹೊಲಗಳ ಬದು, ಕೊನೆಗೆ ಹಳ್ಳದ ಕಟ್ಟೆ ಎಂಬುದು ಶಾಸ್ತ್ರ. ಆದರೆ ಬದುವಿನ ಮುಂದೆ ನಿಂತು ಯಾರೂ ಛಾಯಾಚಿತ್ರ ತೆಗೆಸಿಕೊಳ್ಳುವುದಿಲ್ಲವಷ್ಟೆ!

ಹಣ ಮಾತ್ರ ನಿಲ್ಲಲಿಲ್ಲ. ಹೆಕ್ಟೇರಿನ ದರ 2001ರಲ್ಲಿ 6,000, ಮುಂದೆ 12,000, 2021ರ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶಕ್ಕೆ 22,000 ರೂಪಾಯಿಗೆ ಏರಿತು. 2006ರ ಫೆಬ್ರುವರಿಯಲ್ಲಿ ಉದ್ಯೋಗ ಖಾತರಿ ಯೋಜನೆ ದೇಶದ 200 ಜಿಲ್ಲೆಗಳಲ್ಲಿ ಮೊದಲಾದಾಗ ನಮ್ಮ ದಾವಣಗೆರೆಯೂ ಅವುಗಳಲ್ಲೊಂದು. ನಮ್ಮೂರಿನಲ್ಲಿ ಬಡವರಿಗೆ ಕೂಲಿ ದೊರೆಯಿತು, ಅದು ಸಣ್ಣ ಮಾತಲ್ಲ. ಆದರೆ ಹಳ್ಳದಿಂದ ತೆಗೆದ ಹೂಳನ್ನು ದಂಡೆಯ ಮೇಲೆಯೇ ಸುರಿದರು. ಮರುವರ್ಷದ ಮಳೆ ಅದನ್ನು ಹಳ್ಳಕ್ಕೇ ಒಪ್ಪಿಸಿತು.

ಹೂಳಿನ ಜೊತೆಗೆ ಬರುವ ಇನ್ನೊಂದು ವಸ್ತುವಿನ ಕಡೆಗೆ ನನ್ನ ಗಮನ ಹರಿದದ್ದು ಚನ್ನಗಿರಿಯಲ್ಲಿ. ಮಕ್ಕಳನ್ನು ಸೂಳೆಕೆರೆಗೆ, ಎಂದರೆ ಶಾಂತಿಸಾಗರಕ್ಕೆ, ಪ್ರವಾಸ ಕರೆದೊಯ್ದಿದ್ದೆ. ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಆ ಕೆರೆ ಚಿತ್ರದುರ್ಗಕ್ಕೂ ಕುಡಿಯುವ ನೀರು ಕೊಟ್ಟಿದೆ. ಅಂಚಿನ ನೀರು ಹಸಿರಾಗಿತ್ತು. ಒಬ್ಬ ಹುಡುಗಿ ಕಾರಣ ಕೇಳಿದಳು. ಪಾಠ ಸಿದ್ಧವಾಗಿಯೇ ಇತ್ತು: ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ, ಬೆಳೆ ಹೀರದೆ ಬಿಟ್ಟದ್ದರಲ್ಲಿ ಒಂದಷ್ಟು ಮಳೆನೀರಿನಲ್ಲಿ ಕರಗಿ ಹೋಗುತ್ತದೆ. ಡಿ.ಎ.ಪಿ.ಯ ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೊಚ್ಚಿಹೋಗುತ್ತದೆ. ನಿಂತ ನೀರಿನಲ್ಲಿ ಇವೆರಡೂ ಪಾಚಿಗೆ ಗೊಬ್ಬರ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿದು ಮೀನು ಉಸಿರುಗಟ್ಟುತ್ತದೆ. "ಹಾಗಾದ್ರೆ ಯಾರ ಹೊಲದ್ದು ಸಾರ್ ಇದು?" ಎಂದಳು. "ಎಲ್ಲರದ್ದೂ ಅಮ್ಮಾ" ಎಂದೆ. ಅಮೆರಿಕದವರು ಕಾರ್ಖಾನೆಯ ಕೊಳವೆಗಳನ್ನು ಕಾನೂನಿನಿಂದ ಕಟ್ಟಿಹಾಕಿದ ಮೇಲೂ ಹೊಲಗಳಿಂದ ಹರಿದು ಬರುವ ಕೊಳೆ ಉಳಿದೇ ಇತ್ತು. ಅದನ್ನು ತಗ್ಗಿಸಲು 1987ರಲ್ಲಿ ರಾಜ್ಯಗಳಿಗೆ ಪ್ರತ್ಯೇಕ ಅನುದಾನವನ್ನೇ ಏರ್ಪಡಿಸಿದರು. ಹಳ್ಳದ ಬದಿಗೆ ಹುಲ್ಲು, ಗಿಡಗಳ ಪಟ್ಟಿಯನ್ನು ಬಿಟ್ಟರೆ ಮಣ್ಣೂ ರಂಜಕವೂ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತವೆ.

ಇಷ್ಟೆಲ್ಲ ತಿಳಿದ ಮೇಷ್ಟರ ಹೊಲ ಹೇಗಿತ್ತು?

ನಮ್ಮ ಸೀಮೆಗೆ ಮೆಕ್ಕೆಜೋಳ ಬಂದ ಮೇಲೆ ಅಣ್ಣ ವರ್ಷಕ್ಕೆರಡು ಸಾಲಿನಂತೆ ಹಳ್ಳದ ಕಡೆಗೆ ಉಳುಮೆಯನ್ನು ಸರಿಸುತ್ತ ಹೋದ. ಮೊದಲು ಲಕ್ಕಿ ಹೋಯಿತು, ಆಮೇಲೆ ಕೇದಗೆ. ಹೊಂಗೆಯ ಮರಗಳನ್ನು ಕಡಿಯುವ ದಿನ ನಾನು ಊರಿನಲ್ಲೇ ಇದ್ದೆ. ಪಹಣಿಯಲ್ಲಿ ಆ ಜಾಗ 'ಬ' ಖರಾಬು, ಎಂದರೆ ಸಾರ್ವಜನಿಕವಾದದ್ದು, ನಮ್ಮದಲ್ಲ ಎಂಬುದೂ ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಆ ವರ್ಷ ಮಗಳನ್ನು ಇಂಜಿನಿಯರಿಂಗಿಗೆ ಸೇರಿಸಬೇಕಾಗಿತ್ತು. ಜೋಳದ ಹಣದಲ್ಲಿ ನನ್ನ ಪಾಲನ್ನು ಅಣ್ಣ ಒಂದು ಪೈಸೆ ಕಡಿಮೆಯಾಗದಂತೆ ಕೈಗಿತ್ತ. ಈಗ ಅವನೊಬ್ಬನನ್ನು ಒತ್ತುವರಿದಾರನೆಂದರೆ ನನ್ನ ನಾಲಗೆ ಹುಳಿತೀತು.

ಮರುದಿನ ಹುಡುಗನಿಗೆ ಹೇಳಿದೆ: "ಅಳೆಯಲಿ ಬಿಡು. ನಕ್ಷೆಯಲ್ಲಿ ಹಳ್ಳ ಎಷ್ಟಗಲವೋ ಅಷ್ಟನ್ನು ಬಿಡೋಣ. ಅದರ ಮೇಲೆ ಗಿಡಕ್ಕೆ ಬೇಕಾಗುವ ಪಟ್ಟಿಯನ್ನು ನನ್ನ ಪಾಲಿನಿಂದ ತೆಗೆದುಕೊಳ್ಳಲಿ. ವಂತಿಗೆ ಕೇಳಿದರೆ ಅದೂ ನನ್ನದೇ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನಿಗೆ ನೀವೇ ಹೇಳಿ ಚಿಕ್ಕಪ್ಪಾ" ಎಂದು ದೂರವಾಣಿಯನ್ನು ದಾಟಿಸಿದ.

ಎಂಬತ್ತರ ಸಮೀಪದಲ್ಲಿರುವ ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. "ನಿನ್ ಪಾಲು, ನನ್ ಪಾಲು ಅಂತ ಯಾವಾಗ ಆತೋ?" ಎಂದಷ್ಟೇ ಕೇಳಿದ. ನನ್ನಲ್ಲಿ ಮಾತಿರಲಿಲ್ಲ. ಆಮೇಲೆ, "ಭಾನುವಾರ ಊಟಕ್ಕೆ ಬಾ, ನಕ್ಷೆನೂ ತಗಂಬಾ" ಎಂದ. ನಕ್ಷೆಯ ನಕಲನ್ನು ತಂದಿಟ್ಟುಕೊಂಡಿದ್ದೇನೆ. ಭಾನುವಾರಕ್ಕೆ ಇನ್ನೂ ಮೂರು ದಿನವಿದೆ.