ಕೆಳಗಿನ ಸೆಟ್ಟಿನ ವಿಚಾರ

ಮೈಸೂರು

ಪ್ರೀತಿಯ ದೊಡ್ಡಮ್ಮ,

ಅಣ್ಣ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಹಲ್ಲುಸೆಟ್ಟನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದೀಯಂತೆ. ಯಾರ ಮನೆಯ ಮದುವೆಗೂ ಹೋಗುತ್ತಿಲ್ಲವಂತೆ. ಕೇಳಿದರೆ ‘ನನಗೆ ಒಗ್ಗಲ್ಲ ಬಿಡು, ನನ್ನ ಬಾಯೇ ಸರಿಯಿಲ್ಲ’ ಅಂತೀಯಂತೆ. ಆ ಕೊನೆಯ ಮಾತು ಕೇಳಿ ಸುಮ್ಮನಿರಲು ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ‘ಆಯ್ತು ಮಗಳೇ’ ಅಂದು ಬೇರೆ ಮಾತಿಗೆ ಹೊರಳಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದು.

ನಿನ್ನ ಬಾಯಿ ಸರಿಯಾಗಿಯೇ ಇದೆ. ಮೇಲಿನ ಸೆಟ್ಟು ಹೇಗೋ ಕೂರುತ್ತದೆ, ಕೆಳಗಿನದು ಮಾತಾಡಿದರೂ ಏಳುತ್ತದೆ, ಉಂಡರೂ ಏಳುತ್ತದೆ, ಅಲ್ಲವೇ? ಹಲ್ಲುಸೆಟ್ಟಿಗೆಂದು ನಮ್ಮಲ್ಲಿಗೆ ಬರುವ ಹಿರಿಯರ ದೂರೆಲ್ಲ ಹೆಚ್ಚುಕಡಿಮೆ ಇದೇ. ಮೇಲಿನ ಸೆಟ್ಟಿಗೆ ಇಡೀ ಅಂಗುಳದ ಆಸರೆ ಉಂಟು. ಸೆಟ್ಟಿಗೂ ಅಂಗುಳಕ್ಕೂ ನಡುವೆ ಎಂಜಲಿನ ತೆಳುವಾದ ಪದರ ಹರಡಿಕೊಂಡು, ಅಂಚಿನಲ್ಲಿ ಗಾಳಿ ಒಳಗೆ ನುಗ್ಗದಂತೆ ತಡೆದರೆ, ಅದು ತಾನಾಗಿ ಕಚ್ಚಿಕೊಂಡಿರುತ್ತದೆ. ಇದನ್ನು ಜನ ಎಷ್ಟು ಹಿಂದೆಯೇ ಕಂಡುಕೊಂಡಿದ್ದರು ಗೊತ್ತೇ? ಜಪಾನಿನ ವಾಕಾಯಾಮಾದಲ್ಲಿ 1538ರಲ್ಲಿ ತೀರಿಕೊಂಡ ಒಬ್ಬ ಬೌದ್ಧ ಸನ್ಯಾಸಿನಿಯ ಮೇಲಿನ ಸೆಟ್ಟು ಇವತ್ತಿಗೂ ಇದೆ. ಪೂರ್ತಿ ಮರದ್ದು. ಅವಳ ಅಂಗುಳಕ್ಕೆ ಸರಿಯಾಗಿ ಕೂರುವಂತೆ ಯಾರೋ ಒಬ್ಬ ಕುಶಲಕರ್ಮಿ ಕೂತು ಕೆತ್ತಿದ್ದಾನೆ. ಅವನ ಹೆಸರು ಗೊತ್ತಿದ್ದರೆ ದಿನಾ ಒಂದು ನಮಸ್ಕಾರ ಹಾಕುತ್ತಿದ್ದೆ.

ಕೆಳಗಿನ ದವಡೆಗೆ ಆ ಭಾಗ್ಯವಿಲ್ಲ. ನಡುವೆ ನಾಲಿಗೆ ಇದೆ. ಸೆಟ್ಟು ಕೂರಲು ಸಿಗುವುದು ಲಾಳದ ಆಕಾರದ ಒಂದು ಸಣ್ಣ ದಿಣ್ಣೆ, ಮೇಲಿನದರ ಸುಮಾರು ಅರ್ಧದಷ್ಟು ಜಾಗ. ಅದನ್ನೂ ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ, ಮುಂದಿನಿಂದ ತುಟಿ ತಳ್ಳುತ್ತಲೇ ಇರುತ್ತವೆ. ಇಷ್ಟು ಸಾಲದು ಎಂಬಂತೆ ಹಲ್ಲು ಹೋದ ಮೇಲೆ ಆ ದಿಣ್ಣೆಯ ಮೂಳೆಯೇ ಕರಗುತ್ತಾ ಹೋಗುತ್ತದೆ. ಹಲ್ಲಿನ ಬೇರಿಗೆ ಆಸರೆಯಾಗಲೆಂದೇ ಇದ್ದ ಮೂಳೆ ಅದು, ಬೇರು ಹೋದ ಮೇಲೆ ದೇಹ ಅದನ್ನು ಉಳಿಸಿಕೊಳ್ಳುವುದಿಲ್ಲ. ಆಂಟ್ಯೆ ತಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಹಾಕಿಕೊಂಡವರ ದವಡೆಯ ಎಕ್ಸ್‌ರೇಗಳನ್ನು 25 ವರ್ಷ ಕಾಲ ಅಳೆಯುತ್ತಾ ಬಂದು 1972ರಲ್ಲಿ ಪ್ರಕಟಿಸಿದರು. ಮುಂಭಾಗದಲ್ಲಿ ಕೆಳದವಡೆಯ ಮೂಳೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗಿತ್ತು. ಅದರಲ್ಲೂ ಮೊದಲ ವರ್ಷದ ಸವಕಳಿಯೇ ಎಲ್ಲಕ್ಕಿಂತ ಜೋರು.

ನಿನಗೆ ಆಗಿದ್ದೂ ಅದೇ. ಹಲ್ಲು ಕೀಳಿಸಿದ ಗಾಯ ಆರುವ ಹೊತ್ತಿಗೆ ಸೆಟ್ಟು ಬೇಕೆಂದು ಅವಸರ ಮಾಡಿದರು, ಒಂದೇ ದಿನದಲ್ಲಿ ಅಚ್ಚು ತೆಗೆದು ಮಾಡಿಕೊಟ್ಟರು. ಆರು ತಿಂಗಳಾದ ಮೇಲೆ ಬಂದು ಒಳಗಿನ ಮೈಗೆ ಹೊಸ ಪದರ ಕಟ್ಟಿಸಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಒಸಡು ಇಳಿಯಿತು, ಸೆಟ್ಟು ಇದ್ದ ಹಾಗೇ ಉಳಿಯಿತು. ನಡುವಿನ ಜಾಗದಲ್ಲಿ ಅನ್ನದ ಅಗುಳು ಸಿಕ್ಕಿಕೊಂಡು ಹುಣ್ಣಾಯಿತು. ಇದರಲ್ಲಿ ನಿನ್ನ ತಪ್ಪು ಎಲ್ಲಿದೆ ಹೇಳು.

ಅಣ್ಣ ಹೇಳುವ ಪ್ರಕಾರ ‘ಅಮ್ಮನಿಗೆ ಊಟಕ್ಕೇನೂ ತೊಂದರೆಯಿಲ್ಲ, ಮುದ್ದೆ ನುಂಗ್ತಾಳೆ’. ಇದೇ ನನಗೆ ಭಯ. ನಮ್ಮ ಕಡೆ ಬೊಚ್ಚುಬಾಯಿಯಾದರೂ ಮನೆಯವರಿಗೆ ಗೊತ್ತಾಗುವುದೇ ಇಲ್ಲ, ಯಾಕೆಂದರೆ ಮುದ್ದೆಗೆ ಹಲ್ಲೇ ಬೇಡ. ಆದರೆ ಮುದ್ದೆಯ ಪಕ್ಕದಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಮೊಳಕೆ ಹುರುಳಿಯ ಬಸ್ಸಾರಿನಲ್ಲಿ ನೀನು ತಿಳಿ ಮಾತ್ರ ಬಡಿಸಿಕೊಂಡು ಕಾಳು ಬಿಡುತ್ತೀಯ. ಸೊಪ್ಪಿನ ಪಲ್ಯ ಬಿಟ್ಟೆ, ಸೌತೆಕಾಯಿ ಬಿಟ್ಟೆ, ಕಡಲೆಕಾಯಿ ಬಿಟ್ಟೆ. ಸಕ್ಕರೆ ಕಾಯಿಲೆ ಇರುವವಳು ಕಾಳು, ಸೊಪ್ಪು, ತರಕಾರಿ ಬಿಟ್ಟು ಬರೀ ಮೆತ್ತನೆಯದನ್ನೇ ತಿನ್ನುತ್ತಾ ಹೋದರೆ ಏನಾಗುತ್ತದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಸೆಟ್ಟು ಹಾಕಿಕೊಂಡರೂ ಸ್ವಂತ ಹಲ್ಲಿನ ಕಾಲುಭಾಗದಷ್ಟು ಬಲವೇ ಕಚ್ಚಲು ಸಿಗುವುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇಯಿಸಿದ ಕಾಳಿಗೂ ಸೊಪ್ಪಿಗೂ ಅಷ್ಟು ಧಾರಾಳವಾಗಿ ಸಾಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕೆಳದವಡೆಯ ಮುಂಭಾಗದಲ್ಲಿ, ಕೋರೆಹಲ್ಲುಗಳು ಇದ್ದ ಜಾಗದ ಆಸುಪಾಸಿನಲ್ಲಿ, ಎರಡು ಸಣ್ಣ ಟೈಟಾನಿಯಂ ಇಂಪ್ಲಾಂಟ್ ಕೂರಿಸುತ್ತಾರೆ. ಹಿಂದಿನ ಮೂಳೆ ಎಷ್ಟು ಸವೆದಿದ್ದರೂ ಸಾಮಾನ್ಯವಾಗಿ ಅಲ್ಲಿ ಸಾಕಷ್ಟು ಉಳಿದಿರುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಮೊಲದ ಮೂಳೆಯೊಳಗೆ ರಕ್ತದ ಓಟ ನೋಡಲೆಂದು ಟೈಟಾನಿಯಂ ಸಾಧನ ಇಟ್ಟಿದ್ದರು. ಕೊನೆಗೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. ಆ ತಿಳಿವಳಿಕೆಯ ಮೇಲೆ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. ನಿನಗೂ ಆ ಲೋಹದ ಜೊತೆ ಮೂಳೆ ಬೆಸೆಯಲು ಎರಡು ಮೂರು ತಿಂಗಳು ಬಿಡಬೇಕು. ಆಮೇಲೆ ಆ ಎರಡು ಇಂಪ್ಲಾಂಟ್‌ಗಳ ತಲೆಗೆ ಗುಂಡಿ, ಸೆಟ್ಟಿನ ಒಳಮೈಗೆ ಅದನ್ನು ಹಿಡಿಯುವ ಬಟ್ಟಲು. ರವಿಕೆಯ ಟಿಚ್ ಬಟನ್ ಹಾಕಿದ ಹಾಗೆ ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ರಾತ್ರಿ ತೆಗೆಯುವುದು, ತೊಳೆಯುವುದು ಎಲ್ಲ ಮಾಮೂಲಿನಂತೆಯೇ. ಬಟ್ಟಲಿನೊಳಗಿನ ನೈಲಾನ್ ಸವೆದಾಗ ಬದಲಿಸಿಕೊಳ್ಳಬೇಕು, ಅದು ಕೂತಲ್ಲೇ ಮುಗಿಯುವ ಕೆಲಸ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಮೊದಲು ಸೂಚಿಸಬೇಕಾದ್ದು ಬರಿಯ ಸೆಟ್ಟಲ್ಲ, ಎರಡು ಇಂಪ್ಲಾಂಟ್‌ಗಳ ಮೇಲಿನ ಸೆಟ್ಟು ಎಂದು ಒಮ್ಮತಕ್ಕೆ ಬಂದರು. ನಾನೂ ಅದನ್ನು ಪೂರ್ತಿ ನಂಬುತ್ತೇನೆ. ನಮ್ಮ ಕಸುಬಿನ ಹೊಸತುಗಳಲ್ಲೆಲ್ಲ ನಿನ್ನಂಥವರ ಊಟವನ್ನು ನಿಜವಾಗಿ ಬದಲಿಸಿದ್ದು ಇದೇ.

ವಯಸ್ಸಾಯಿತು ಅನ್ನಬೇಡ. ಎಪ್ಪತ್ತು ದಾಟಿದವರಿಗೂ ಮಾಡುತ್ತಾರೆ. ವಯಸ್ಸಿಗಿಂತ ನಿನ್ನ ಸಕ್ಕರೆ ಹತೋಟಿಯಲ್ಲಿ ಇದೆಯೇ ಎನ್ನುವುದು ಮುಖ್ಯ, ಅದಕ್ಕೆ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸೋಣ. ಮೂಳೆ ಸವೆತಕ್ಕೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ತೆಗೆದುಕೊಂಡಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮರೆಯದೆ ಹೇಳಬೇಕು. ಖರ್ಚಿನ ವಿಚಾರ ನೀನು ಎತ್ತಲೇಬೇಡ, ಅದು ನನಗೂ ಅಣ್ಣನಿಗೂ ಬಿಟ್ಟಿದ್ದು. ಹಾಗೂ ಇಂಪ್ಲಾಂಟ್ ಬೇಡವೆಂದು ನೀನು ಹಟ ಹಿಡಿದರೆ ಬರಿಯ ಸೆಟ್ಟನ್ನೇ ಚೆನ್ನಾಗಿ ಮಾಡೋಣ. ಅದೂ ಸಾಧ್ಯವಿದೆ, ಅಳತೆಗೆ ತಾಳ್ಮೆ ಇದ್ದರೆ.

ಆ ಅಳತೆ ಹೇಗಿರುತ್ತದೆಂದು ಈಗಲೇ ಹೇಳಿಬಿಡುತ್ತೇನೆ, ಬಂದು ಗಾಬರಿಯಾಗಬೇಡ. ಮೊದಲ ಅಚ್ಚು ಒರಟಾಗಿ. ಅದರಿಂದ ನಿನ್ನ ಬಾಯಿಗೇ ಅಂತ ಒಂದು ಟ್ರೇ ಮಾಡುತ್ತೇವೆ. ಎರಡನೇ ಸಲ ಆ ಟ್ರೇಯ ಅಂಚಿಗೆ ಹಸಿರು ಬಣ್ಣದ ಕಡ್ಡಿಯನ್ನು ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ ಹಚ್ಚಿ, ಬಿಸಿನೀರಿಗೆ ಅದ್ದಿ ಬಾಯೊಳಗೆ ಇಡುತ್ತೇನೆ. ತುಟಿ ಚೂಪು ಮಾಡು, ನಗು, ನಾಲಿಗೆಯನ್ನು ಮೇಲಿನ ತುಟಿಗೆ ತಾಗಿಸು, ಎಡಕ್ಕೆ, ಬಲಕ್ಕೆ ಅನ್ನುತ್ತೇನೆ. ಸ್ನಾಯು ಅಲುಗಾಡುವಾಗ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಸೆಟ್ಟಿನ ಅಂಚು ನಿಲ್ಲಬೇಕು. ಒಂದು ಕೂದಲೆಳೆ ಉದ್ದವಾದರೆ ನಾಲಿಗೆ ಎತ್ತಿದಾಗಲೆಲ್ಲ ಸೆಟ್ಟೂ ಏಳುತ್ತದೆ, ಗಿಡ್ಡವಾದರೆ ಗಾಳಿ ನುಗ್ಗುತ್ತದೆ. ಕೊನೆಗೆ ಅದರ ಮೇಲೊಂದು ತೆಳುವಾದ ಪೇಸ್ಟ್ ಸವರಿ ಅಚ್ಚು ತೆಗೆಯುತ್ತೇನೆ. ಅದರಲ್ಲಿ ಲವಂಗದೆಣ್ಣೆಯ ಸಾರ ಇರುವುದರಿಂದ ಅದೇ ವಾಸನೆ, ತುಟಿ ಸ್ವಲ್ಪ ಚುರುಚುರು ಅನ್ನುತ್ತದೆ. ಮೊದಲೇ ವ್ಯಾಸಲೀನ್ ಹಚ್ಚಿರುತ್ತೇನೆ.

ಆಮೇಲೆ ಮೇಣದ ದಿಂಡು ಇಟ್ಟು ಎರಡು ದವಡೆಗಳ ನಡುವಿನ ಎತ್ತರ ನೋಡಬೇಕು. ಎತ್ತರ ಕಡಿಮೆಯಾದರೆ ಗಲ್ಲ ಮೂಗಿನ ಹತ್ತಿರ ಬಂದು ಮುಖಕ್ಕೆ ಇನ್ನೂ ಹತ್ತು ವರ್ಷ ಕೂಡುತ್ತದೆ, ಬಾಯಿಯ ಮೂಲೆಗಳಲ್ಲಿ ಎಂಜಲು ನಿಂತು ಒಡೆಯುತ್ತದೆ. ಹೆಚ್ಚಾದರೆ ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತದೆ. ಹಲ್ಲು ಜೋಡಿಸಿದ ಮೇಣದ ಸೆಟ್ಟನ್ನು ಒಮ್ಮೆ ಹಾಕಿ ನೋಡುವ ದಿನವೇ ನನಗೆ ಬಹಳ ಇಷ್ಟ, ಏನು ಬದಲಿಸಬೇಕಿದ್ದರೂ ಅವತ್ತೇ ಬದಲಿಸಬಹುದು. ಕನ್ನಡಿ ಹಿಡಿದು ನೀನು ಒಪ್ಪಬೇಕು, ನಾನಲ್ಲ. ಅವತ್ತು ನಿನ್ನಿಂದ ಮಾತಾಡಿಸುತ್ತೇನೆ. ‘ಸೊಸೆ ಸಾಸಿವೆ ಸಿಡಿಸಿದಳು’ ಅಂದಾಗ ಸಿಳ್ಳೆ ಬಂದರೆ ಮುಂದಿನ ಹಲ್ಲು ಸರಿಸಬೇಕು. ತ, ದ, ನ ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. ಟ, ಡ, ಣ ಹೇಳುವಾಗ ಮಡಚಿಕೊಂಡು ಅಂಗುಳಕ್ಕೆ ತಾಗುತ್ತದೆ, ಅಲ್ಲಿ ಸೆಟ್ಟು ದಪ್ಪಗಿದ್ದರೆ ‘ಹಣ’, ‘ಗಂಟೆ’ ಎಲ್ಲ ತೊದಲುತ್ತವೆ. ಭಜನೆಗೆ ಕೂರುವವಳು ನೀನು, ಇದನ್ನು ನಾನು ಹಗುರವಾಗಿ ಬಿಡುವುದಿಲ್ಲ.

ಅಣ್ಣ ಫೋನಿನಲ್ಲಿ ನೋಡಿದ್ದಾನಂತೆ, ಈಗ ಕಂಪ್ಯೂಟರಿನಲ್ಲಿ ಹಲ್ಲು ಪ್ರಿಂಟ್ ಮಾಡುತ್ತಾರೆ, ಅಚ್ಚು ಗಿಚ್ಚು ಏನೂ ಬೇಡ ಅಂತ. ಅರ್ಧ ನಿಜ. ಮೊದಲು ಗಟ್ಟಿ ರಬ್ಬರಿನ ಕಂದು ಸೆಟ್ಟುಗಳಿದ್ದವು. 1930ರ ದಶಕದ ಕೊನೆಯಲ್ಲಿ ಅಕ್ರಿಲಿಕ್ ಬಂದಂದಿನಿಂದ ಪುಡಿ ಮತ್ತು ದ್ರವ ಕಲಸಿ ಅಚ್ಚಿಗೆ ತುಂಬಿ ಬೇಯಿಸುವುದೇ ಪದ್ಧತಿ. ಬೇಯುವಾಗ ಅದು ತುಸು ಕುಗ್ಗುತ್ತದೆ, ಸಣ್ಣ ಸಣ್ಣ ರಂಧ್ರಗಳೂ ಉಳಿಯುತ್ತವೆ. ಈಗ ಕಾರ್ಖಾನೆಯಲ್ಲಿ ಭಾರಿ ಒತ್ತಡದಲ್ಲಿ ಮೊದಲೇ ಗಟ್ಟಿಯಾಗಿಸಿದ ಅಕ್ರಿಲಿಕ್ ಬಿಲ್ಲೆಯನ್ನು ತಂದು, ಕಂಪ್ಯೂಟರ್ ಹೇಳಿದಂತೆ ಯಂತ್ರ ಕಡೆಯುತ್ತದೆ. ಕುಗ್ಗುವ ಮಾತೇ ಇಲ್ಲ, ಅಂಗುಳಕ್ಕೆ ಚೆನ್ನಾಗಿ ಕೂರುತ್ತದೆ. ಪ್ರಿಂಟ್ ಮಾಡುವುದು ಇನ್ನೊಂದು ಬಗೆ, ಬೆಳಕಿಗೆ ಗಟ್ಟಿಯಾಗುವ ದ್ರವವನ್ನು ಯಂತ್ರ ಪದರ ಪದರವಾಗಿ ಕಟ್ಟುತ್ತಾ ಬರುತ್ತದೆ. ಇವೆಲ್ಲ ಒಳ್ಳೆಯದೇ, ಓಡಾಟವೂ ಉಳಿಯುತ್ತದೆ. ಆದರೆ ಹಲ್ಲಿಲ್ಲದ ಬಾಯಿ ಒದ್ದೆ, ಜಾರು, ಅಲುಗಾಡುವ ಮೈ. ಕ್ಯಾಮೆರಾ ಅದನ್ನು ನಿಂತ ನಿಲುವಿನಲ್ಲಿ ನೋಡಬಲ್ಲದು, ನೀನು ಮಾತಾಡುವಾಗ ಕೆನ್ನೆ ಎಲ್ಲಿ ಎಳೆಯುತ್ತದೆಂದು ಅದಕ್ಕೆ ತಿಳಿಯದು. ಹಾಗಾಗಿ ಅಳತೆ ನಾನು ಕೈಯಲ್ಲೇ ತೆಗೆದು, ಅದನ್ನು ಸ್ಕ್ಯಾನ್ ಮಾಡಿ ಯಂತ್ರಕ್ಕೆ ಕೊಡುತ್ತೇನೆ. ಇದರಲ್ಲಿ ನನಗೆ ಹಿಡಿಸಿದ್ದು ಬೇರೆಯೇ. ನಿನ್ನ ಸೆಟ್ಟಿನ ಲೆಕ್ಕಾಚಾರವೆಲ್ಲ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಬಸ್ಸಿನಲ್ಲಿ ಕಳೆದುಹೋಯಿತು, ಆಸ್ಪತ್ರೆಯಲ್ಲಿ ಹಾಸಿಗೆ ಬದಲಿಸುವಾಗ ದಿಂಬಿನ ಜೊತೆ ಹೊರಟುಹೋಯಿತು, ಏನಾದರೂ ಸರಿ, ಅದೇ ಅಳತೆಯ ಇನ್ನೊಂದು ಮಾಡಿಕೊಡಬಹುದು. ವಯಸ್ಸಾದವರಿಗೆ ಇದು ದೊಡ್ಡ ಉಪಕಾರ.

ಚಿಕ್ಕಪ್ಪ ಕೇಳಿದ್ದರಲ್ಲ, ಪಕ್ಕದ ನಾಲ್ಕು ಹಲ್ಲಿಗೆ ಬಗ್ಗುವ ಸೆಟ್ಟು ಹಾಕಿಸಬಹುದೇ ಅಂತ. ಅದು ನೈಲಾನಿನದು. ತಂತಿ ಕಾಣುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ, ನಿಜ. ಆದರೆ ಅಗಿಯುವ ಭಾರವನ್ನೆಲ್ಲ ಒಸಡಿನ ಮೇಲೆ ಹಾಕುತ್ತದೆ, ಸಡಿಲವಾದರೆ ಒಳಗೆ ಪದರ ಕಟ್ಟುವುದೂ ಕಷ್ಟ. ಅವರಿಗೆ ನಾನು ಹೇಳುವುದು ಕೋಬಾಲ್ಟ್ ಕ್ರೋಮಿಯಂ ಲೋಹದ ಚೌಕಟ್ಟಿನದು. ತೆಳ್ಳಗಿರುತ್ತದೆ, ಉಳಿದ ಹಲ್ಲುಗಳ ಮೇಲೆ ಭಾರ ಇಳಿಸುತ್ತದೆ. ತಂತಿಯ ಕೊಕ್ಕೆಯ ಅಗ್ಗದ ಅಕ್ರಿಲಿಕ್ ಪ್ಲೇಟು ಸ್ವಲ್ಪ ದಿನದ ಮಟ್ಟಿಗೆ ಸರಿ. ಮುಖ್ಯವಾಗಿ ಅವರು ಅಡಿಕೆ ಬಿಡಬೇಕು. ಅಡಿಕೆಯಿಂದ ಕೆನ್ನೆಯ ಒಳಗೆ ನಾರು ಕಟ್ಟಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ, ಕ್ಯಾನ್ಸರಿಗೂ ದಾರಿ. ಬಾಯಿ ತೆರೆಯದಿದ್ದರೆ ಸೆಟ್ಟು ಒಳಗೆ ಹೋಗುವುದಾದರೂ ಹೇಗೆ.

ಹೊಸ ಸೆಟ್ಟು ಬಂದ ಮೇಲೆ ನಿನ್ನಿಂದ ಒಂದು ಮಾತು ಬೇಕು. ರಾತ್ರಿ ತೆಗೆದು ನೀರಿನಲ್ಲಿ ಇಡಬೇಕು. ಮೊಮ್ಮಕ್ಕಳು ನೋಡುತ್ತಾರೆಂದು ಹಾಕಿಕೊಂಡೇ ಮಲಗಬೇಡ. ಜಪಾನಿನಲ್ಲಿ 85 ದಾಟಿದ 524 ಜನರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ತೊಳೆಯಲು ಮೆತ್ತನೆಯ ಬ್ರಷ್ಷು, ಸೋಪಿನ ನೀರು ಸಾಕು. ಪೇಸ್ಟು ಗೀರು ಹಾಕುತ್ತದೆ, ಕುದಿಯುವ ನೀರು ಸೊಟ್ಟ ಮಾಡುತ್ತದೆ. ಮೊದಲ ವಾರ ಅನ್ನ ಸಾರು, ಸಣ್ಣ ಸಣ್ಣ ತುತ್ತು, ಎರಡೂ ಪಕ್ಕ ಹಾಕಿಕೊಂಡು ಅಗಿ. ಸೀಬೆಹಣ್ಣನ್ನು ಮುಂದಿನ ಹಲ್ಲಿನಿಂದ ಕಚ್ಚದೆ ಹೆಚ್ಚಿಕೊಂಡು ತಿನ್ನು. ಎಲ್ಲಿ ಒತ್ತಿದರೂ ಬಂದು ತೋರಿಸು, ನೀನೇ ಅರದಲ್ಲಿ ಉಜ್ಜಬೇಡ.

ತೋಟದ ಕೆಲಸಕ್ಕೆ ಬರುವ ಅಜ್ಜಿಗೂ ಹಲ್ಲಿಲ್ಲ ಅಂದೆಯಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ಟು ಮಾಡಿಕೊಡಲೆಂದು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿದೆ. ರೇಷನ್ ಕಾರ್ಡ್ ಹಿಡಿದು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಲು ಹೇಳು. ಅಣ್ಣನನ್ನು ಜೊತೆಗೆ ಕಳಿಸು, ಒಬ್ಬಳೇ ಹೋದರೆ ಅವಳು ಬಾಗಿಲಲ್ಲೇ ತಿರುಗಿ ಬರುತ್ತಾಳೆ.

ನೀನು ಬರುವಾಗ ಹಳೆಯ ಸೆಟ್ಟು ಬೇಕೇ ಬೇಕು, ಎಸೆಯಬೇಡ. ಎರಡು ದಿನ ಮೊದಲೇ ಅದನ್ನು ನೀರಿಗೆ ಹಾಕಿಡು. ಆದರೆ ಬಾಯಿಗೆ ಹಾಕಿಕೊಳ್ಳಬೇಡ, ಒಸಡು ಊತ ಇಳಿದು ಸಹಜ ಸ್ಥಿತಿಗೆ ಬಂದರೇನೇ ಅಚ್ಚು ಸರಿಯಾಗಿ ಬರುವುದು. ಸಕ್ಕರೆಯ ಮಾತ್ರೆ ಚೀಟಿ, ಹಳೆಯ ರಿಪೋರ್ಟುಗಳೂ ಇರಲಿ. ಹಲ್ಲು ಕಾಣುವಂತೆ ನಕ್ಕಿರುವ ಒಂದು ಹಳೆಯ ಫೋಟೋ ಹುಡುಕು. ನಿನ್ನ ಮುಂದಿನ ಹಲ್ಲು ಎಷ್ಟು ಅಗಲವಿತ್ತು, ನಕ್ಕಾಗ ಎಷ್ಟು ಕಾಣುತ್ತಿತ್ತು ಎಂದು ಅದರಿಂದಲೇ ತಿಳಿಯಬೇಕು. ಎರಡು ಹಲ್ಲಿನ ನಡುವೆ ಸಂದಿ ಇತ್ತಲ್ಲ, ಅದನ್ನು ಹಾಗೇ ಇಡಬೇಕೋ ಮುಚ್ಚಬೇಕೋ ಯೋಚಿಸಿಕೊಂಡು ಬಾ. ಬಟ್ಟೆಯೂ ತಂದುಕೋ. ಅಳತೆ, ಮೇಣ, ಹಲ್ಲು ನೋಡುವುದು ಎಲ್ಲ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರು. ನಮ್ಮವರು ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿ ಆಯಿತು. ಯಾವ ಬಸ್ಸಿಗೆ ಬರುತ್ತೀಯ ಅಂತ ಅಣ್ಣನ ಕೈಲಿ ಫೋನ್ ಮಾಡಿಸು.

ನಿನ್ನ
ಪುಟ್ಟಿ